ಮಾತಿನ ಹಾದಿಗೆ ಬೇಲಿ ಹಾಕಿದವರಾರು?

2022ನೆಯ ಇಸವಿ ಅಕ್ಟೋಬರ್ 25ನೆಯ ತಾರೀಖು, ದೀಪಾವಳಿಯ ಅಮಾವಾಸ್ಯೆ. ಅಂದು ಸಂಜೆ ಸೂರ್ಯಗ್ರಹಣವಿತ್ತು. ಸೂರ್ಯನಿಗೆ ಗ್ರಹಣ ಹಿಡಿಯುವ ಮುಂಚೆಯೇ, ಮಧ್ಯಾಹ್ನ ಹನ್ನೆರಡೂವರೆಯ ಸುಮಾರಿಗೆ, ವಾಟ್ಸಾಪಿಗೆ ಗ್ರಹಣ ಹಿಡಿಯಿತು. ಸುಮಾರು ಎರಡು ಗಂಟೆಯ ಕಾಲ ಸಂದೇಶ ಹೋಗಲೂ ಇಲ್ಲ, ಬರಲೂ ಇಲ್ಲ. ಹಬ್ಬದ ವ್ಯಾಪಾರದ ಭರಾಟೆಯಲ್ಲಿ ಕುಳಿತ ಅಂಗಡಿಯವನಿಗೆ ತಾನು ಮಂಡಿಗೆ ಕಳಿಸಿದ ಸಾಮಾನಿನ ಪಟ್ಟಿ ಮುಟ್ಟಿತೋ ಇಲ್ಲವೋ ತಿಳಿಯಲಿಲ್ಲ. ಮಧ್ಯಾಹ್ನದ ಪಾಳಿಗೆ ಹೊರಟವನಿಗೆ ಪಾಳಿ ಬದಲಾಯಿತೋ ಇಲ್ಲವೋ ತಿಳಿಯಲಿಲ್ಲ. ಅದಕ್ಕೆ ಒಂದು ವರ್ಷ ಹಿಂದೆ, 2021ರ ಅಕ್ಟೋಬರ್ 4ರ ರಾತ್ರಿ, ಅದೇ ಕಂಪನಿಯ ವಾಟ್ಸಾಪು, ಫೇಸ್‌ಬುಕ್ಕು, ಇನ್‌ಸ್ಟಾಗ್ರಾಂ ಮೂರೂ ಒಟ್ಟಿಗೆ ಸುಮಾರು ಆರು ಗಂಟೆ ಕಾಲ ಕೆಟ್ಟು ನಿಂತಿದ್ದವು.

ಆ ಹೊತ್ತಿನಲ್ಲಿ ಫೋನು ಕರೆ ನಡೆಯುತ್ತಿತ್ತು, ಎಸ್ಸೆಮ್ಮೆಸ್ ಹೋಗುತ್ತಿತ್ತು, ಇ-ಮೇಲ್ ಹೋಗುತ್ತಿತ್ತು. ತಂತಿ ಕಡಿದಿರಲಿಲ್ಲ, ಟವರು ಬಿದ್ದಿರಲಿಲ್ಲ. ಕೆಟ್ಟದ್ದು ಅಮೆರಿಕದ ಒಂದು ಕಂಪನಿಯ ಯಂತ್ರ ಮಾತ್ರ. ಆದರೂ ನಂಜನಗೂಡಿನವನು ತಿರುಮಕೂಡಲು ನರಸೀಪುರದವನಿಗೆ ಒಂದು ಸಾಲು ಕಳಿಸಲಾರದೆ ಹೋದ. ಕಪಿಲೆಯ ದಂಡೆಯ ಎರಡು ಊರುಗಳ ಮಾತು ಸಾಗರದಾಚೆಯ ಒಬ್ಬ ಧಣಿಯ ಅಪ್ಪಣೆ ಪಡೆದೇ ಏಕೆ ಹೋಗಬೇಕು? ಈ ಪ್ರಶ್ನೆಯನ್ನು ನಾವು ಗಿರಣಿ ಕಾರ್ಮಿಕ ಬಂಧುಗಳ ಮುಂದೆಯೂ ಸಣ್ಣ ವ್ಯಾಪಾರಿಗಳ ಮುಂದೆಯೂ ಇಡಬಯಸುತ್ತೇವೆ. ಇದು ಕಂಪ್ಯೂಟರು ಬಲ್ಲವರ ಉಸಾಬರಿ ಎಂದು ಪುಟ ತಿರುಗಿಸಬೇಡಿ. ಇದು ನಿಮ್ಮ ಅಂಗಡಿಯ ಪ್ರಶ್ನೆ, ನಿಮ್ಮ ಪಾಳಿಯ ಪ್ರಶ್ನೆ, ನಿಮ್ಮ ಸಂಘದ ಪ್ರಶ್ನೆ.

ಅಂಚೆಯ ನ್ಯಾಯ

ನಂಜನಗೂಡಿನ ಅಂಚೆ ಡಬ್ಬಿಗೆ ಹಾಕಿದ ಕಾಗದ ನರಸೀಪುರಕ್ಕೂ ಹೋಗುತ್ತದೆ, ಲಂಡನ್ನಿಗೂ ಹೋಗುತ್ತದೆ. ಲಂಡನ್ನಿನ ಅಂಚೆ ನಮ್ಮ ಸರ್ಕಾರದ್ದಲ್ಲ. ಆದರೂ ನಮ್ಮ ಸ್ಟಾಂಪಿಗೆ ಅಲ್ಲಿ ಮರ್ಯಾದೆಯುಂಟು. 1874ರಲ್ಲಿ ಸ್ವಿಟ್ಜರ್ಲೆಂಡಿನ ಬರ್ನ್ ನಗರದಲ್ಲಿ ಹಲವು ದೇಶಗಳು ಕೂಡಿ, ಒಬ್ಬರ ಕಾಗದವನ್ನು ಇನ್ನೊಬ್ಬರು ತಲುಪಿಸತಕ್ಕದ್ದೆಂದು ಒಪ್ಪಂದ ಮಾಡಿಕೊಂಡವು. ಫೋನೂ ಹಾಗೆಯೇ: ಬಿಎಸ್‌ಎನ್‌ಎಲ್‌ನವನು ಏರ್‌ಟೆಲ್‌ನವನನ್ನು ಕರೆಯಬಲ್ಲ. ಇ-ಮೇಲೂ ಹಾಗೆಯೇ. ಒಡೆಯರು ಬೇರೆ ಬೇರೆ, ನಿಯಮ ಒಂದೇ.

ಈ ಸಮಾನ ನಿಯಮಕ್ಕೆ ಪ್ರೋಟೋಕಾಲ್ ಎಂದು ಹೆಸರು. ನಿಯಮವನ್ನು ಎಲ್ಲರೆದುರು ಪ್ರಕಟಿಸಿ, ಯಾರು ಬೇಕಾದರೂ ಅದರಂತೆ ಯಂತ್ರ ನಡೆಸಲು ಬಿಟ್ಟರೆ ಅದು ತೆರೆದ ಪ್ರೋಟೋಕಾಲ್. ಹಾಗೆ ಬೇರೆ ಬೇರೆಯವರು ನಡೆಸುವ ಯಂತ್ರಗಳು ಒಂದರೊಡನೊಂದು ಮಾತಾಡಿಕೊಂಡರೆ ಅದು ಒಕ್ಕೂಟ. ನಂಜನಗೂಡಿನ ದೊಡ್ಡ ಜಾತ್ರೆಯಲ್ಲಿ ಐದು ತೇರುಗಳನ್ನು ಎಳೆಯುತ್ತಾರೆ. ಗೌತಮ ರಥ ದೊಡ್ಡದು, ಉಳಿದವು ಚಿಕ್ಕವು. ಒಂದೊಂದಕ್ಕೂ ಅದರದೇ ಹಗ್ಗ, ಅದನ್ನು ಹಿಡಿದೆಳೆಯುವ ಅದರದೇ ಜನ. ಬೀದಿ ಮಾತ್ರ ಎಲ್ಲಕ್ಕೂ ಒಂದೇ. ದೊಡ್ಡ ತೇರು ಎಳೆಯುವವರು "ಬೀದಿ ನಮ್ಮದು, ಚಿಕ್ಕ ತೇರುಗಳು ಇತ್ತ ಬರಕೂಡದು" ಎಂದರೆ ಊರು ಒಪ್ಪೀತೆ? ಸಂದೇಶದ ವಿಷಯದಲ್ಲಿ ನಡೆದಿರುವುದು ಇದೇ, ಮತ್ತು ಊರು ಒಪ್ಪಿ ಕುಳಿತಿದೆ.

ಬಿತ್ತಿದವರೊಬ್ಬರು, ಬೇಲಿ ಹಾಕಿದವರೊಬ್ಬರು

ಬೇರೆ ದಾರಿಯೇ ಇರಲಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ದಾರಿ ಇತ್ತು. ಈಗಲೂ ಇದೆ. ಅಮೆರಿಕದ ಜೆರೆಮಿ ಮಿಲ್ಲರ್ ಎಂಬಾತ 1998ರಲ್ಲಿ ಜ್ಯಾಬರ್ ಎಂಬ ಕೆಲಸ ಆರಂಭಿಸಿ, 1999ರಲ್ಲಿ ಅದನ್ನು ಜಗತ್ತಿಗೆ ಬಿಟ್ಟುಕೊಟ್ಟ. ಅಂತರಜಾಲದ ನಿಯಮಗಳನ್ನು ಗೊತ್ತುಪಡಿಸುವ ಐಇಟಿಎಫ್ ಸಂಸ್ಥೆ 2004ರಲ್ಲಿ ಅದನ್ನು ಎಕ್ಸ್‌ಎಂಪಿಪಿ ಎಂಬ ಹೆಸರಿನಲ್ಲಿ ಪ್ರಕಟಿಸಿತು. ಇದರಲ್ಲಿ ವಿಳಾಸ ಇ-ಮೇಲಿನ ವಿಳಾಸದಂತೆ ಇರುತ್ತದೆ: ಮೊದಲು ನಿಮ್ಮ ಹೆಸರು, ಆಮೇಲೆ ನಿಮ್ಮ ಸಂದೇಶಗಳನ್ನು ನೋಡಿಕೊಳ್ಳುವ ಸರ್ವರಿನ ಹೆಸರು. ಕಾರ್ಮಿಕ ಸಂಘ ಒಂದು ಸರ್ವರು ಇಡಬಹುದು, ವರ್ತಕರ ಸಂಘ ಇನ್ನೊಂದು ಇಡಬಹುದು. ಎರಡೂ ಒಂದರೊಡನೊಂದು ಮಾತಾಡುತ್ತವೆ. ಯಾರೂ ಯಾರ ಮನೆಯ ಆಳಲ್ಲ.

ಮುಂದೆ ಆದದ್ದೇನು? ಗೂಗಲ್ ಕಂಪನಿ 2005ರಲ್ಲಿ ಈ ನಿಯಮದ ಮೇಲೆಯೇ ಗೂಗಲ್ ಟಾಕ್ ಕಟ್ಟಿತು. 2006ರಲ್ಲಿ ಇತರರ ಸರ್ವರುಗಳಿಗೂ ಬಾಗಿಲು ತೆರೆದು ಭೇಷ್ ಎನಿಸಿಕೊಂಡಿತು. ಜನ ಸೇರಿದರು. ಸೇರಿದ ಮೇಲೆ, 2013ರಲ್ಲಿ, ಹ್ಯಾಂಗೌಟ್ಸ್ ಎಂಬ ಹೊಸ ಅಂಗಡಿ ತೆರೆದು ಹೊರಗಿನವರ ದಾರಿ ಮುಚ್ಚಿತು. ಹತ್ತಿದ ಏಣಿಯನ್ನು ಒದೆಯುವುದೆಂದರೆ ಇದೇ. ಫೇಸ್‌ಬುಕ್ಕು 2010ರಲ್ಲಿ ಇದೇ ನಿಯಮದ ಕಿಟಕಿಯೊಂದನ್ನು ತೆರೆದು 2015ರಲ್ಲಿ ಮುಚ್ಚಿತು. 2009ರಲ್ಲಿ ಹುಟ್ಟಿದ ವಾಟ್ಸಾಪಂತೂ ಒಳಗೆ ಇದೇ ಎಕ್ಸ್‌ಎಂಪಿಪಿಯನ್ನು ತನಗೆ ಬೇಕಾದಂತೆ ತಿದ್ದಿ ಬಳಸಿಕೊಂಡಿತು, ಹೊರಗೆ ಬಾಗಿಲನ್ನೇ ಇಡಲಿಲ್ಲ. ಬೀಜ ಸಾರ್ವಜನಿಕರದು, ಬೆಳೆ ಮಾತ್ರ ಧಣಿಯದು!

2014ರಲ್ಲಿ ಫೇಸ್‌ಬುಕ್ಕು ಆ ವಾಟ್ಸಾಪನ್ನು 1,900 ಕೋಟಿ ಡಾಲರಿಗೆ ಕೊಳ್ಳುವುದಾಗಿ ಸಾರಿತು. ಆಗ ಅಲ್ಲಿ ಕೆಲಸ ಮಾಡುತ್ತಿದ್ದವರು ಸುಮಾರು 55 ಜನ. ಐವತ್ತೈದು ಜನರ ಕಚೇರಿಗೆ ಇಷ್ಟು ಹಣವೆ? ಅಲ್ಲ. ಕೊಂಡದ್ದು ಮೇಜು ಕುರ್ಚಿಗಳನ್ನಲ್ಲ. ಕೊಂಡದ್ದು ಅದರೊಳಗಿದ್ದ ಸುಮಾರು 45 ಕೋಟಿ ಜನರ ನಂಟನ್ನು: ಯಾರು ಯಾರಿಗೆ ಬೇಕಾದವರು, ಯಾರನ್ನು ಬಿಟ್ಟು ಯಾರು ಹೋಗಲಾರರು ಎಂಬುದನ್ನು. 2021ರ ಫೆಬ್ರವರಿಯಲ್ಲಿ ನಮ್ಮ ಸರ್ಕಾರವೇ ಕೊಟ್ಟ ಲೆಕ್ಕದಂತೆ ಭಾರತವೊಂದರಲ್ಲೇ ವಾಟ್ಸಾಪು ಬಳಸುವವರು 53 ಕೋಟಿ. ಬಾಗಿಲಿಲ್ಲದ ಮನೆಯಲ್ಲಿ ಎಷ್ಟು ಜನ ತುಂಬಿದರೆ ಅಷ್ಟು ಬಿಗಿ. ಹೊರಗೆ ಹೋಗುವವನು ಒಬ್ಬನೇ ಹೋಗಬೇಕು, ಒಳಗೆ ಉಳಿದವರೊಡನೆ ಮಾತು ಕಳೆದುಕೊಂಡು ಹೋಗಬೇಕು.

ಮುಚ್ಚಿದ ಮನೆ ಶಾಶ್ವತವೇ ಎಂದರೆ ಅದೂ ಅಲ್ಲ. ಆರ್ಕುಟ್ 2014ರಲ್ಲಿ ಮುಚ್ಚಿತು, ಯಾಹೂ ಮೆಸೆಂಜರ್ 2018ರಲ್ಲಿ, ಏಣಿ ಒದ್ದ ಗೂಗಲ್ ಟಾಕ್ 2022ರಲ್ಲಿ, ಐಸಿಕ್ಯೂ 2024ರಲ್ಲಿ. ಅದರೊಳಗೆ ಕಟ್ಟಿಕೊಂಡ ಸ್ನೇಹ, ಗುಂಪು, ಪಟ್ಟಿ ಎಲ್ಲಾ ಅದರೊಡನೆಯೇ ಹೂತುಹೋಯಿತು. ತೆರೆದ ನಿಯಮದ ಇ-ಮೇಲು ಈ ಎಲ್ಲ ಕಂಪನಿಗಳ ತಿಥಿ ನೋಡಿ ಇನ್ನೂ ಬದುಕಿದೆ.

ಹಾಜರಿ ಪುಸ್ತಕ ಯಾರ ಕೈಯಲ್ಲಿ?

ಗಿರಣಿಯಲ್ಲಿ ದುಡಿಯುವವನಿಗೆ ಹಾಜರಿ ಪುಸ್ತಕದ ಮಹಿಮೆಯನ್ನು ನಾವು ಹೇಳಿಕೊಡಬೇಕಾಗಿಲ್ಲ. ಅದು ಯಾರ ಕೈಯಲ್ಲಿದೆಯೋ ಕೂಲಿ ಅವನ ಕೈಯಲ್ಲಿ. ಆದರೆ ಗೇಟು ದಾಟಿ ಹೊರಬಂದ ಮೇಲೂ ನಮ್ಮದೊಂದು ಹಾಜರಿ ಬೀಳುತ್ತಲೇ ಇದೆ ಎಂಬುದನ್ನು ಎಷ್ಟು ಜನ ಗಮನಿಸಿದ್ದೀರಿ? ಹೆಸರಿನ ಕೆಳಗೆ 'ಆನ್‌ಲೈನ್' ಎಂದು ಬರುತ್ತದೆ. 'ಲಾಸ್ಟ್ ಸೀನ್' ಇಷ್ಟು ಗಂಟೆಗೆ ಎಂದು ಬರುತ್ತದೆ. ಎರಡನೆಯ ಪಾಳಿ ಮುಗಿಸಿ ಮನೆಗೆ ಬಂದು ಮಲಗುವ ಮುನ್ನ ಊರಿನ ಸುದ್ದಿ ನೋಡಿದ ಕಾರ್ಮಿಕನನ್ನು ಮರುದಿನ ಮೇಸ್ತ್ರಿ ಕೇಳುತ್ತಾನೆ: "ರಾತ್ರಿ ಹನ್ನೊಂದೂವರೆಗೆ ಎದ್ದಿದ್ದೆಯಲ್ಲ, ಗ್ರೂಪಿನಲ್ಲಿ ಹಾಕಿದ್ದಕ್ಕೆ ಉತ್ತರ ಏಕೆ ಕೊಡಲಿಲ್ಲ?" ಈ ಮಾತನ್ನು ಕೇಳಿ ಬಂದ ಕಾರ್ಮಿಕರನ್ನು ನಾವು ಬಲ್ಲೆವು. ಎಂಟು ಗಂಟೆಯ ದುಡಿಮೆಗಾಗಿ ನಮ್ಮ ಹಿರಿಯರು ಹೋರಾಡಿದರು. ಉಳಿದ ಹದಿನಾರು ಗಂಟೆಗೂ ಹಾಜರಿ ಹಾಕುವ ಪುಸ್ತಕ ಈಗ ನಮ್ಮ ಜೇಬಿನಲ್ಲೇ ಇದೆ.

ಅದನ್ನು ಮರೆಮಾಡಬಹುದಲ್ಲ ಎನ್ನುತ್ತಾರೆ. ಹೌದು, ಮಾಡಬಹುದು. 'ಆನ್‌ಲೈನ್' ಎಂಬುದನ್ನು ಮರೆಮಾಡುವ ಸೌಕರ್ಯವನ್ನು ಕಂಪನಿ 2022ರಲ್ಲಿ ದಯಪಾಲಿಸಿತು. ಅಲ್ಲಿಯವರೆಗೆ ಇರಲಿಲ್ಲ. ಕೊಟ್ಟವರು ಅವರು, ನಾಳೆ ಕಿತ್ತುಕೊಳ್ಳಬಲ್ಲವರೂ ಅವರೇ. ಅಲ್ಲದೆ ಮರೆಯಾದದ್ದು ಮೇಸ್ತ್ರಿಯ ಕಣ್ಣಿಗೆ ಮಾತ್ರ, ಕಂಪನಿಯ ಕಣ್ಣಿಗಲ್ಲ.

ಎಕ್ಸ್‌ಎಂಪಿಪಿಯ ಹೆಸರಿನಲ್ಲೇ ಸಂದೇಶ ಮತ್ತು ಹಾಜರಿ ಎಂಬ ಎರಡು ಮಾತುಗಳಿವೆ. ಅದರ ನಿಯಮವನ್ನು ನೋಡಿ: ನಿಮ್ಮ ಹಾಜರಿ ನೋಡಬೇಕೆನ್ನುವವನು ಮೊದಲು ನಿಮ್ಮನ್ನು ಕೇಳಬೇಕು. ನೀವು ಒಪ್ಪಿದರೆ ಕಾಣುತ್ತದೆ, ಒಪ್ಪದಿದ್ದರೆ ಇಲ್ಲ. ಕೊಟ್ಟ ಒಪ್ಪಿಗೆಯನ್ನು ಯಾವಾಗ ಬೇಕಾದರೂ ಹಿಂತೆಗೆದುಕೊಳ್ಳಬಹುದು. ಇದು ಯಾವ ಕಂಪನಿಯ ಕೃಪೆಯೂ ಅಲ್ಲ, ನಿಯಮದಲ್ಲೇ ಬರೆದದ್ದು. ನಿಮ್ಮ ಬಳಗದವರ ಪಟ್ಟಿಗೆ ಅದರಲ್ಲಿ ರೋಸ್ಟರ್ ಎಂದೇ ಹೆಸರು. ಗಿರಣಿಯ ರೋಸ್ಟರನ್ನು ಮೇಸ್ತ್ರಿ ಬರೆಯುತ್ತಾನೆ, ಈ ರೋಸ್ಟರನ್ನು ನೀವು ಬರೆಯುತ್ತೀರಿ. ನಿಮ್ಮ ಸರ್ವರು ನಡೆಸುವವನಿಗೆ ನಿಮ್ಮ ಹಾಜರಿ ಕಾಣುತ್ತದೆ, ಅದನ್ನು ನಾವು ಮುಚ್ಚಿಡುವುದಿಲ್ಲ. ಆದರೆ ಆ ಸರ್ವರು ಯಾರದಿರಬೇಕೆಂದು ಆರಿಸುವವರು ನೀವು. ಅದು ನಿಮ್ಮ ಸಂಘದ್ದೇ ಆಗಿರಬಹುದು.

ಉದ್ರಿ ಪುಸ್ತಕ ಕಳೆದುಕೊಂಡ ವ್ಯಾಪಾರಿ

ನರಸೀಪುರದ ಕಡೆಯ ಒಬ್ಬ ಕಿರಾಣಿ ವ್ಯಾಪಾರಿ ನಮ್ಮ ಕಚೇರಿಗೆ ಬಂದಿದ್ದರು. ಐದಾರು ವರ್ಷಗಳಿಂದ ಗಿರಾಕಿಗಳ ಸಾಮಾನು ಪಟ್ಟಿ, ಉದ್ರಿ ಲೆಕ್ಕ, ಹಳ್ಳಿಗಳ ಸರಬರಾಜು ಎಲ್ಲವನ್ನೂ ಒಂದು ಸಂದೇಶ ಕಂಪನಿಯ ಆಪಿನಲ್ಲೇ ನಡೆಸಿಕೊಂಡು ಬಂದವರು. ಹಬ್ಬಕ್ಕೆ ಮುಂಚೆ ಗಿರಾಕಿಗಳಿಗೆಲ್ಲ ಬೆಲೆ ಪಟ್ಟಿ ಕಳಿಸಿದರು. ಮರುದಿನ ಬೆಳಿಗ್ಗೆ ನೋಡಿದರೆ ಖಾತೆ ಬಂದ್. "ನಿಯಮ ಉಲ್ಲಂಘನೆ" ಎಂಬ ಎರಡು ಪದ. ಯಾವ ನಿಯಮ, ಯಾವ ಉಲ್ಲಂಘನೆ, ಯಾರನ್ನು ಕೇಳಬೇಕು? ಕೇಳಲು ಮನುಷ್ಯನೇ ಇಲ್ಲ. ಪುರಸಭೆ ಅಂಗಡಿಯ ಲೈಸೆನ್ಸು ರದ್ದು ಮಾಡಬೇಕಾದರೆ ನೋಟೀಸು ಕೊಡಬೇಕು, ಅಹವಾಲು ಕೇಳಬೇಕು, ಮೇಲ್ಮನವಿಗೆ ಅವಕಾಶ ಕೊಡಬೇಕು. ಇಲ್ಲಿ ಯಂತ್ರವೇ ಅಮಲ್ದಾರ, ಯಂತ್ರವೇ ನ್ಯಾಯಾಧೀಶ. ಅವರು ಹೊಸ ನಂಬರು ಕೊಂಡು ಒಬ್ಬೊಬ್ಬ ಗಿರಾಕಿಯ ಮನೆ ಬಾಗಿಲಿಗೆ ಹೋಗಿ ಮತ್ತೆ ಪಟ್ಟಿ ಕಟ್ಟಬೇಕಾಯಿತು. ಬರಬೇಕಾದ ಉದ್ರಿಯಲ್ಲಿ ಎಷ್ಟು ಬಂತು ಎಂದು ನಾವು ಕೇಳಿದೆವು. ಅವರು ನಕ್ಕರು.

ಇಂಥ ಖಾತೆ ಮುಚ್ಚಿದರೆ ತೆರೆದ ವ್ಯವಸ್ಥೆಯಲ್ಲಿ ಏನಾಗುತ್ತದೆ? ಇನ್ನೊಬ್ಬರ ಸರ್ವರಿಗೆ ಹೋಗಿ, ಹೊಸ ವಿಳಾಸದಿಂದ ಅದೇ ಗಿರಾಕಿಗಳೊಡನೆ ಮಾತು ಮುಂದುವರಿಸಬಹುದು. ಸರ್ವರು ನಿಮ್ಮ ಸಂಘದ್ದೇ ಆಗಿದ್ದರೆ ಕಾರ್ಯದರ್ಶಿಯನ್ನು ಎದುರಿಗೆ ಕೂರಿಸಿಕೊಂಡು ಕೇಳಬಹುದು.

ಅವರು ಹೇಳುವುದೇನು?

ಪುಕ್ಕಟೆಯಾಗಿ ಕೊಡುತ್ತಿದ್ದಾರಲ್ಲ, ಗೊಣಗಾಟವೇಕೆ ಎನ್ನುವವರುಂಟು. ಪುಕ್ಕಟೆ ಕೊಡುವವನು 1,900 ಕೋಟಿ ಡಾಲರು ಹೂಡುವುದಿಲ್ಲ. 2021ರಲ್ಲಿ ವಾಟ್ಸಾಪು ತನ್ನ ಹೊಸ ಷರತ್ತುಗಳನ್ನು ಒಪ್ಪಲೇಬೇಕೆಂದು ಪಟ್ಟು ಹಿಡಿದದ್ದಕ್ಕಾಗಿ ಭಾರತದ ಸ್ಪರ್ಧಾ ಆಯೋಗ 2024ರ ನವೆಂಬರಿನಲ್ಲಿ ಮೆಟಾ ಕಂಪನಿಗೆ 213 ಕೋಟಿ ರೂಪಾಯಿಗೂ ಮೀರಿದ ದಂಡ ವಿಧಿಸಿತು, ಜಾಹೀರಾತಿಗಾಗಿ ಮಾಹಿತಿ ಹಂಚಿಕೊಳ್ಳುವುದನ್ನು ಐದು ವರ್ಷ ನಿಷೇಧಿಸಿತು. 2025ರ ನವೆಂಬರಿನಲ್ಲಿ ಮೇಲ್ಮನವಿ ನ್ಯಾಯಮಂಡಳಿ ದಂಡವನ್ನು ಎತ್ತಿಹಿಡಿದು ನಿಷೇಧವನ್ನು ತೆಗೆದುಹಾಕಿತು. ದಂಡದ ಹಣ ಅವರ ಗಲ್ಲಾದ ಚಿಲ್ಲರೆ. ದಂಡದಿಂದ ಬಾಗಿಲು ತೆರೆಯುವುದಿಲ್ಲ.

ಗುಟ್ಟು ಉಳಿಯುತ್ತದೆಯೆ ಎಂಬುದು ಇನ್ನೊಂದು ಆಕ್ಷೇಪ. ವಾಟ್ಸಾಪು 2016ರಿಂದ ಸಂದೇಶದ ಒಳಗಿನ ಮಾತಿಗೆ ಬೀಗ ಹಾಕಿದೆ ಎಂಬುದು ನಿಜ. ಅದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಲಕೋಟೆಯೊಳಗಿನ ಕಾಗದ ಓದದಿದ್ದರೂ, ಯಾರು ಯಾರಿಗೆ ಯಾವಾಗ ಎಷ್ಟು ಸಲ ಬರೆದರೆಂದು ಲಕೋಟೆಯ ಮೇಲೇ ತಿಳಿಯುತ್ತದೆ. ಮುಷ್ಕರದ ಹಿಂದಿನ ರಾತ್ರಿ ಯಾರು ಯಾರಿಗೆ ಬರೆದರೆಂದು ತಿಳಿದರೆ ಸಾಲದೆ? ಒಳಗಿನ ಮಾತಿಗೆ ಬೀಗ ಹಾಕುವ ವಿದ್ಯೆ ತೆರೆದ ಪ್ರೋಟೋಕಾಲಿನವರಿಗೂ ತಿಳಿದಿದೆ. 2014ರಲ್ಲಿ ಹೊರಬಂದ ಮ್ಯಾಟ್ರಿಕ್ಸ್ ಎಂಬ ಇನ್ನೊಂದು ತೆರೆದ ನಿಯಮದ ಮೇಲೆ ಫ್ರಾನ್ಸಿನ ಸರ್ಕಾರ 2019ರಲ್ಲಿ ತನ್ನ ನೌಕರರಿಗಾಗಿ ಚಾಪ್ ಎಂಬ ಸೇವೆ ನಡೆಸತೊಡಗಿತು. ಜರ್ಮನಿಯ ಸೈನ್ಯವೂ ಅದನ್ನೇ ಆರಿಸಿಕೊಂಡಿತು. ಸೈನ್ಯದ ಗುಟ್ಟಿಗೆ ಸಾಕಾದದ್ದು ನಮ್ಮ ಸಂಘದ ಗುಟ್ಟಿಗೆ ಸಾಲದೆ?

ಮೂರನೆಯದು ಗಟ್ಟಿಯಾದ ಆಕ್ಷೇಪ: ತೆರೆದ ದಾರಿಯವರ ಆಪುಗಳು ಕಷ್ಟ, ಒಂದರಲ್ಲಿರುವುದು ಇನ್ನೊಂದರಲ್ಲಿಲ್ಲ, ಪೋಲಿ ಸಂದೇಶಗಳ ಕಾಟ ಬೇರೆ. ಇದರಲ್ಲಿ ಸತ್ಯವಿದೆ. ಎಕ್ಸ್‌ಎಂಪಿಪಿಯವರು ವರ್ಷಗಟ್ಟಲೆ ತಮ್ಮತಮ್ಮಲ್ಲೇ ಚರ್ಚಿಸುತ್ತ ಕುಳಿತರು. ಜನ ಕಂಪ್ಯೂಟರು ಬಿಟ್ಟು ಮೊಬೈಲಿಗೆ ಬಂದಾಗ ಕಂಪನಿಗಳು ಮುಂದೆ ಓಡಿದವು. ಇ-ಮೇಲಿನಲ್ಲೂ ಪೋಲಿ ಪತ್ರಗಳು ಬರುತ್ತವೆ, ಅದಕ್ಕಾಗಿ ಇ-ಮೇಲನ್ನೇ ಒಬ್ಬ ಧಣಿಗೆ ಬರೆದುಕೊಟ್ಟಿದ್ದೇವೆಯೆ? ರಸ್ತೆಯಲ್ಲಿ ಗುಂಡಿಯಿದ್ದರೆ ಗುಂಡಿ ಮುಚ್ಚಬೇಕು, ರಸ್ತೆಯನ್ನು ಮಾರಬಾರದು.

ಸರ್ಕಾರಕ್ಕೆ ಶಕ್ತಿಯಿಲ್ಲವೆ?

ಇದೆ. ಇಚ್ಛೆಯಿಲ್ಲ. 2016ರಲ್ಲಿ ಜಿಯೋ ಕಂಪನಿಗೆ ಸಾಕಷ್ಟು ಸಂಪರ್ಕ ಕೊಡದೆ ಕರೆಗಳನ್ನು ತಡೆದರೆಂದು ಏರ್‌ಟೆಲ್, ವೊಡಾಫೋನ್, ಐಡಿಯಾಗಳ ಮೇಲೆ ಒಟ್ಟು 3,050 ಕೋಟಿ ರೂಪಾಯಿ ದಂಡ ಹಾಕಬೇಕೆಂದು ಟ್ರಾಯ್ ಶಿಫಾರಸು ಮಾಡಿತು. ಒಬ್ಬ ಕೋಟ್ಯಧಿಪತಿಯ ಗಿರಾಕಿಗೆ ಕರೆ ಹೋಗದಿದ್ದರೆ ಅದು ಅಪರಾಧ. ನಂಜನಗೂಡಿನ ವ್ಯಾಪಾರಿಯ ಸಂದೇಶ ಒಂದು ಆಪಿನಿಂದ ಇನ್ನೊಂದಕ್ಕೆ ಹೋಗದಿದ್ದರೆ ಅದು ವ್ಯಾಪಾರ ಧರ್ಮ! 2025ರ ನವೆಂಬರಿನಲ್ಲಿ ದೂರಸಂಪರ್ಕ ಇಲಾಖೆ, ಫೋನಿನಲ್ಲಿ ಸಿಮ್ ಇಲ್ಲದಿದ್ದರೆ ಸಂದೇಶ ಆಪು ನಡೆಯಕೂಡದು, ಕಂಪ್ಯೂಟರಿನಲ್ಲಿ ಆರು ಗಂಟೆಗೊಮ್ಮೆ ಅದು ತಾನಾಗಿ ಮುಚ್ಚಿಕೊಳ್ಳತಕ್ಕದ್ದು ಎಂದು ಆದೇಶ ಹೊರಡಿಸಿತು. ಜನರನ್ನು ಕಟ್ಟಿಹಾಕುವ ಆದೇಶ ಕೊಡಬಲ್ಲ ಕೈ, ಜನರ ದಾರಿ ಬಿಡಿಸುವ ಆದೇಶಕ್ಕೆ ಮಾತ್ರ ಏಕೆ ನಡುಗಬೇಕು?

ಅಂಗಡಿಯ ಗಲ್ಲಾದ ಮೇಲೆ ಅಂಟಿಸಿದ ಕ್ಯೂಆರ್ ಚೀಟಿಯನ್ನೊಮ್ಮೆ ನೋಡಿ. ಚೀಟಿ ಗೂಗಲ್ ಪೇಯದು, ಗಿರಾಕಿ ಫೋನ್‌ಪೇಯವನು, ಬ್ಯಾಂಕು ಮೂರನೆಯದು. ಆದರೂ ಹಣ ಬರುತ್ತದೆ. 2016ರಲ್ಲಿ ಯುಪಿಐ ಬಂದಾಗ ಎಲ್ಲರಿಗೂ ಒಂದೇ ನಿಯಮ ಮಾಡಿದ್ದರಿಂದ ಇದಾಯಿತು. ಹಣ ದಾಟಬಲ್ಲ ಸೇತುವೆಯ ಮೇಲೆ ಮಾತು ದಾಟಲಾರದೆ? ಆದರೆ ಅಲ್ಲಿಯೂ ಒಂದು ಎಚ್ಚರಿಕೆಯ ಪಾಠವಿದೆ. ಆ ತೆರೆದ ದಾರಿಯಲ್ಲೂ ಎರಡೇ ಕಂಪನಿಗಳು ಐದರಲ್ಲಿ ನಾಲ್ಕು ಪಾಲು ವ್ಯವಹಾರ ಹಿಡಿದು ಕುಳಿತವು. ಒಬ್ಬರಿಗೆ ಶೇಕಡ 30ಕ್ಕಿಂತ ಹೆಚ್ಚು ಬೇಡವೆಂದು 2020ರಲ್ಲಿ ಮಾಡಿದ ಮಿತಿಯ ಗಡುವನ್ನು 2024ರ ಕೊನೆಯಲ್ಲಿ ಮತ್ತೆ ಎರಡು ವರ್ಷ ಮುಂದೂಡಲಾಯಿತು. ದಾರಿ ತೆರೆದರೆ ಸಾಲದು, ಕಾವಲೂ ಬೇಕು.

ಯುರೋಪಿನವರು ಕಾನೂನು ಮಾಡಿದರು. ದೊಡ್ಡ ಸಂದೇಶ ಕಂಪನಿಗಳು ಕೇಳಿದವರಿಗೆ ಸಂಪರ್ಕ ಕೊಡತಕ್ಕದ್ದೆಂಬ ವಿಧಿ 2024ರ ಮಾರ್ಚಿನಿಂದ ವಾಟ್ಸಾಪಿಗೆ ಅನ್ವಯಿಸಿತು. 2025ರ ನವೆಂಬರಿನಲ್ಲಿ ಎರಡು ಚಿಕ್ಕ ಆಪುಗಳಿಗೆ ಬಾಗಿಲು ತೆರೆಯುವುದಾಗಿ ಮೆಟಾ ಸಾರಿತು. ಬಾಗಿಲು ಕಿರಿದು, ಷರತ್ತು ಕಂಪನಿಯದೇ. ಆದರೂ ಅಲ್ಲಿಯವರೆಗೆ ಆಗದಿದ್ದದ್ದು ಕಾನೂನು ಬಂದ ಮೇಲೆ ಆಯಿತಲ್ಲ! ಆ ಬಾಗಿಲು ಯುರೋಪಿನವರಿಗೆ ಮಾತ್ರ. 53 ಕೋಟಿ ಭಾರತೀಯರಿಗೆ ಗೋಡೆಯೇ ಗತಿ.

ಸ್ವದೇಶಿ ಆಪು ಬಂತಲ್ಲ ಎನ್ನುವವರಿಗೂ ಒಂದು ಮಾತು. 2025ರ ಸೆಪ್ಟೆಂಬರಿನಲ್ಲಿ ಜೊಹೊ ಕಂಪನಿಯ ಅರಟ್ಟೈ ಆಪಿಗೆ ಜನ ಮುಗಿಬಿದ್ದಾಗ, ಸಂದೇಶ ವ್ಯವಸ್ಥೆಗಳು ಯುಪಿಐಯಂತೆ, ಇ-ಮೇಲಿನಂತೆ ಪರಸ್ಪರ ಕೂಡಬೇಕೆಂದು ಅದರ ಸಂಸ್ಥಾಪಕ ಶ್ರೀಧರ್ ವೆಂಬು ಹೇಳಿದರು. ಮಾತು ಒಳ್ಳೆಯದು, ಸ್ವಾಗತಿಸುತ್ತೇವೆ. ಆದರೆ 2006ರಲ್ಲಿ ಗೂಗಲ್ ಕೂಡ ಬಾಗಿಲು ತೆರೆದೇ ಇಟ್ಟಿತ್ತು. ಸ್ವದೇಶಿ ಧಣಿಯೂ ಧಣಿಯೇ. ಧಣಿಯ ಒಳ್ಳೆಯ ಮನಸ್ಸನ್ನು ನಂಬಿ ಹಕ್ಕು ಉಳಿಯುವುದಿಲ್ಲ.

1951ರಲ್ಲಿ ಸಾಗರದ ಕಾಗೋಡಿನಲ್ಲಿ ಗೇಣಿದಾರರು ಎದ್ದು ನಿಂತದ್ದು ಏತಕ್ಕೆ? ಗೇಣಿ ಅಳೆಯುವ ಕೊಳಗ ಧಣಿಯದಾಗಿತ್ತು, ದೊಡ್ಡದಾಗಿತ್ತು. ಎಲ್ಲರಿಗೂ ಒಂದೇ ಅಳತೆ ಇರಲಿ ಎಂದು ಅವರು ಕೇಳಿದರು. ನಾವು ಈಗ ಕೇಳುತ್ತಿರುವುದೂ ಅಷ್ಟೆ.

ನಮ್ಮ ಬೇಡಿಕೆ

ಒಂದು: ಇಂತಿಷ್ಟಕ್ಕಿಂತ ಹೆಚ್ಚು ಜನರಿರುವ ಸಂದೇಶ ಕಂಪನಿಗಳೆಲ್ಲ, ಪ್ರಕಟವಾದ ತೆರೆದ ಪ್ರೋಟೋಕಾಲಿನ ಮೂಲಕ, ಕೇಳಿದ ಸರ್ವರುಗಳೊಡನೆ ಸಂಪರ್ಕ ಕೊಡತಕ್ಕದ್ದೆಂದು ಸಂಸತ್ತು ಕಾನೂನು ಮಾಡಲಿ.

ಎರಡು: 2011ರಿಂದ ದೇಶದಾದ್ಯಂತ ಮೊಬೈಲು ನಂಬರನ್ನು ಒಯ್ದು ಕಂಪನಿ ಬದಲಾಯಿಸುವ ಹಕ್ಕಿರುವಂತೆ, ತನ್ನ ಬಳಗದ ಪಟ್ಟಿಯನ್ನು ಒಯ್ಯುವ ಹಕ್ಕೂ ಇರಲಿ. ಕಾರಣ ಕೊಡದೆ, ಅಹವಾಲು ಕೇಳದೆ ಖಾತೆ ಮುಚ್ಚಕೂಡದು.

ಮೂರು: ಗ್ರಾಮ ಪಂಚಾಯಿತಿಯಿಂದ ಜಿಲ್ಲಾ ಕಚೇರಿಯವರೆಗೆ ಸಾರ್ವಜನಿಕ ತಿಳಿವಳಿಕೆಗಳು ಒಂದೇ ಕಂಪನಿಯ ಆಪಿನಲ್ಲಿ ಮಾತ್ರ ಬರುವ ಪದ್ಧತಿ ನಿಲ್ಲಲಿ.

ನಾಲ್ಕು: ಪಾಳಿಯ ಆಜ್ಞೆ ನೋಟೀಸು ಬೋರ್ಡಿನ ಮೇಲೆ ಬರಲಿ. ಪಾಳಿ ಮುಗಿದ ಮೇಲೆ ಗ್ರೂಪಿಗೆ ಉತ್ತರ ಕೊಡಲಿಲ್ಲವೆಂದು ಯಾರನ್ನೂ ಗದರಿಸಕೂಡದು.

ಇನ್ನು ನಮ್ಮದೇ ತಪ್ಪನ್ನೂ ಹೇಳಿಬಿಡುತ್ತೇವೆ. ನಮ್ಮ ಸಭೆಯ ಸುದ್ದಿ, ಚಂದಾದಾರರ ಪಟ್ಟಿ, ಈ ಲೇಖನದ ಕರಡು ಕೂಡ ಓಡಾಡಿದ್ದು ಅದೇ ಬೇಲಿಯೊಳಗಿನ ಗ್ರೂಪಿನಲ್ಲಿ. ನಾಳೆಯೇ ಎಲ್ಲರೂ ಹೊರಗೆ ಬನ್ನಿರೆಂದು ಹೇಳುವ ಧೈರ್ಯ ನಮಗಿಲ್ಲ. ಒಬ್ಬನೇ ಹೊರಗೆ ಬಂದು ಮಾಡುವುದೇನೂ ಇಲ್ಲ. ಬರುವುದಾದರೆ ಗುಂಪಾಗಿ ಬರಬೇಕು. 1905ರಲ್ಲಿ ಗದಗಿನ ಬಳಿ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಾಹುಕಾರನ ಮನೆ ಬಾಗಿಲು ಬಿಟ್ಟು ಸಹಕಾರ ಸಂಘ ಕಟ್ಟಿದ್ದು ಹೀಗೆಯೇ. ನಮ್ಮ ದೇಶದಲ್ಲೇ ಸ್ವತಂತ್ರ ತಂತ್ರಾಂಶದ ಕಾರ್ಯಕರ್ತರು ಪ್ರವ್ ಎಂಬ ಹೆಸರಿನಲ್ಲಿ, ಬಳಸುವವರೇ ಸದಸ್ಯರಾಗುವ ಸಹಕಾರಿ ಎಕ್ಸ್‌ಎಂಪಿಪಿ ಸೇವೆಗಾಗಿ ಕೆಲಸ ಮಾಡುತ್ತಿದ್ದಾರೆ. ಕೆಲವು ನೂರು ಜನರ ಮಾತು ನಡೆಸಲು ಬೇಕಾಗುವ ಯಂತ್ರ ದೊಡ್ಡದೇನಲ್ಲ, ತಂತ್ರಾಂಶಕ್ಕೆ ಬೆಲೆಯಿಲ್ಲ. ಬೇಕಾದದ್ದು ಅದನ್ನು ದಿನವೂ ನೋಡಿಕೊಳ್ಳುವ ಒಬ್ಬಿಬ್ಬರು, ಮತ್ತು ಅವರನ್ನು ನೋಡಿಕೊಳ್ಳುವ ಸಂಘ. ನಂಜನಗೂಡಿನ ಒಂದು ಕಾರ್ಮಿಕ ಸಂಘ, ನರಸೀಪುರದ ಒಂದು ವರ್ತಕರ ಸಂಘ, ಇವೆರಡು ಮುಂದೆ ಬಂದರೆ ಸಾಕು. ಮುಂದಿನ ತಿಂಗಳ ಸಭೆಯಲ್ಲಿ ಇದನ್ನು ಮೊದಲನೆಯ ವಿಷಯವಾಗಿ ಇಡುತ್ತೇವೆ. ಐಟಿಐ ಓದಿದ, ಕಂಪ್ಯೂಟರು ಬಲ್ಲ ನಿಮ್ಮ ಮನೆಯ ಹುಡುಗ ಹುಡುಗಿಯರನ್ನು ಕರೆದುಕೊಂಡು ಬನ್ನಿ.